ನಾರು ಹೊಸೆದ ಬೆರಳು

ಸುಮ್ಮನೆ ಕೂರುವುದು ನನಗೆ ಆಗದು. ಐದಕ್ಕೆ ಏಳುವುದು, ಆರಕ್ಕೆ ಕಾಫಿ, ಎಂಟೂ ಹತ್ತರ ಬಸ್ಸು. ಹೊನ್ನವಳ್ಳಿಯ ಶಾಲೆಯಲ್ಲಿ ಪಾಠ ಹೇಳಿದ ಅಷ್ಟೂ ವರ್ಷ ಇದು ತಪ್ಪಲಿಲ್ಲ. ಕೈ ಖಾಲಿ ಇರಬಾರದು ಎಂದು ಮಕ್ಕಳಿಗೂ ಹೇಳುತ್ತಿದ್ದೆ. ಉತ್ತರ ಸರಿಯಿದ್ದರೆ ಆ ಕ್ಷಣವೇ ಕೆಂಪು ಪೆನ್ನಿನಲ್ಲಿ ರೈಟ್ ಹಾಕುತ್ತಿದ್ದೆ. ತಪ್ಪಿದ್ದರೆ ಇಲ್ಲ. ಯಾರ ಮುಖ ನೋಡಿಯೂ ಹಾಕಿದವಳಲ್ಲ.

ಏಳನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಬೋರ್ಡು ಕಾಣುವುದಿಲ್ಲವೆಂದು ಮೊದಲ ಬೆಂಚಿಗೆ ಬಂದಳು, ಆಮೇಲೆ ಬೋರ್ಡಿನ ಪಕ್ಕದಲ್ಲೇ ನಿಂತಳು, ವರ್ಷ ಮುಗಿಯುವಷ್ಟರಲ್ಲಿ ಏನೂ ಕಾಣದಾಯಿತು. ಇದು ಮರಳುವ ದೃಷ್ಟಿಯಲ್ಲ ಎಂದರು ಡಾಕ್ಟರು. ಅವಳಿಗೋ ಓದಿನ ಹುಚ್ಚು. ದೂರದ ಹಾಸ್ಟೆಲ್ಲಿಗೆ ಕಳಿಸಲು ತಾಯಿ ಒಪ್ಪಲಿಲ್ಲ, ಇಲ್ಲೇ ಕಲಿಸೋಣವೆಂದರೆ ಬಲ್ಲವರಿಲ್ಲ. ನನಗಾಗ ಐವತ್ತೆರಡು. ಎರಡು ವರ್ಷ ರಜೆ ಬರೆದುಕೊಟ್ಟು, ದೃಷ್ಟಿದೋಷವಿರುವ ಮಕ್ಕಳಿಗೆ ಕಲಿಸುವ ವಿಶೇಷ ಬಿ.ಎಡ್. ಓದಲು ಮೈಸೂರಿಗೆ ಹೊರಟೆ.

ಹಿಂದಿನ ದಿನ ಅವರ ಮನೆಗೆ ಹೋದೆ. ತಾಯಿ ಅಂಗಳದಲ್ಲಿ ತೆಂಗಿನ ನಾರು ಹೊಸೆದು ಹಗ್ಗ ಮಾಡುತ್ತಿದ್ದಳು. ಮಗಳು ಗೋಡೆಗೊರಗಿ ಕೂತಿದ್ದಳು.

"ಇವಳನ್ನ ಹೀಗೆ ಕೂರಿಸಬೇಡಮ್ಮ. ನಾನು ಬರೋವರೆಗೂ ಕೈಗೆ ಏನಾದರೂ ಕೆಲಸ ಕೊಡು. ಹಗ್ಗ ಹೊಸೆಯೋಕೆ ಕಣ್ಣು ಬೇಕಾ?" ಎಂದೆ.

"ಅದೂ ಸರೀನೇ ಮೇಡಮ್ಮೋರೆ," ಎಂದಳು ತಾಯಿ.

ಹುಡುಗಿ ನಕ್ಕಳು. "ಮಿಸ್ಸು ಮೈಸೂರಿಗೆ ಹೋಗ್ತಾನೂ ಹೋಮ್‌ವರ್ಕ್ ಕೊಟ್ಟೇ ಹೋಯ್ತಾವ್ರೆ ನೋಡವ್ವ!"

ಮೈಸೂರಿನಲ್ಲಿ ನನ್ನ ಮಗಳ ವಯಸ್ಸಿನವರ ಜೊತೆ ಬೆಂಚಿನಲ್ಲಿ ಕೂತೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮೆಟ್ಟಿಲು ಇಳಿದೆ. ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಲಿಪಿಯ ಸ್ಲೇಟಿನಲ್ಲಿ ಬಲದಿಂದ ಎಡಕ್ಕೆ ಚುಕ್ಕಿ ಒತ್ತುವುದನ್ನು ದಿನಕ್ಕೆ ಒಂದು ಗಂಟೆ, ಗಡಿಯಾರ ನೋಡಿಕೊಂಡು ಅಭ್ಯಾಸ ಮಾಡಿದೆ. ಪ್ರತಿ ಅಕ್ಷರ ಬಂದಾಗಲೂ ಅವಳಿಗೆ ಇದನ್ನು ಹೇಗೆ ಹೇಳಲಿ ಎಂದೇ ಯೋಚನೆ.

ಎರಡನೆಯ ವರ್ಷ, ಸ್ವತಃ ಕಣ್ಣು ಕಾಣದ ಒಬ್ಬ ಮೇಷ್ಟ್ರು ಪಾಠಕ್ಕೆ ಬಂದರು. ಒಬ್ಬೊಬ್ಬರ ಕೈಯನ್ನೂ ಮುಟ್ಟಿ ನೋಡಿ, ನನ್ನ ಕೈ ಸಿಕ್ಕಾಗ, "ಈ ಅಮ್ಮನೋರು ಪಾತ್ರೆ ಉಜ್ಜೋದ್ರಲ್ಲಿ ಡಿಗ್ರಿ ಮಾಡಿದ್ದಾರೆ," ಎಂದರು. ಕ್ಲಾಸೆಲ್ಲ ನಕ್ಕಿತು. ಆಮೇಲೆ ಅವರೇ ಹೇಳಿದರು: "ಓದಬೇಕಾದ ಮಗುವಿನ ಬೆರಳ ತುದಿ ಕಾಪಾಡಿ. ಒರಟು ಕೆಲಸಕ್ಕೆ ಹಚ್ಚಬೇಡಿ. ಜಡ್ಡುಗಟ್ಟಿದ ಚರ್ಮಕ್ಕೆ ಚುಕ್ಕಿ ಸಿಗೋದಿಲ್ಲ."

ನೋಟ್ಸ್ ಬರೆಯುತ್ತಿದ್ದ ನನ್ನ ಕೈ ನಿಂತಿತು.

ಸಂಜೆಯೇ ಹುಡುಗಿಯ ಮನೆಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ತಾಯಿ ಶುರು ಮಾಡಿದಳು. "ನೀವ್ ಹೇಳಿದ್ ದಿನದಿಂದ ಒಂದಿನಾನೂ ಸುಮ್ಕೆ ಕೂತಿಲ್ಲ ಕಣ್ರೀ ಮೇಡಮ್ಮೋರೆ. ಊರೋರೆಲ್ಲ ಅವ್ಳ ಹಗ್ಗಾನೇ ಕೇಳ್ತಾರೆ. ನಂದು ಯಾರಿಗೂ ಬ್ಯಾಡ!"

ನಿಲ್ಲಿಸು ಎಂದೆ. ಯಾಕೆ ಎಂದು ಕೇಳಿದಳು. ಹೇಳಿದೆ. "ನಿಲ್ಲಿಸ್ತೀನಿ ಬುಡಿ," ಎಂದಳು.

ಡಿಗ್ರಿ ಮುಗಿಸಿ ಬಂದವಳು ಮೊದಲು ಹುಡುಗಿಯ ಕೈ ಹಿಡಿದು ನೋಡಿದೆ. ನಾರು ಸೀಳಿ, ಒಣಗಿ, ಮತ್ತೆ ಸೀಳಿ, ಹತ್ತು ಬೆರಳ ತುದಿಯೂ ಗಾಯ ಕೂಡಿದ ಗೆರೆಗಳಿಂದ ಗಟ್ಟಿಯಾಗಿತ್ತು. ದಿನವೂ ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆ. ಬಿಸಿನೀರಿನಲ್ಲಿ ಅದ್ದಿಸಿ, ಕೊಬ್ಬರಿ ಎಣ್ಣೆ ತಿಕ್ಕಿ, ಅರ್ಧ ಗಂಟೆ ಚುಕ್ಕಿ ಮುಟ್ಟಿಸುತ್ತಿದ್ದೆ. ಆರು ತಿಂಗಳು ಹೀಗೇ ನಡೆಯಿತು. ಚರ್ಮ ಮೆತ್ತಗಾಯಿತು, ಗೆರೆಗಳು ಹೋಗಲಿಲ್ಲ. "ಎಲ್ಲಾ ಒಂದೇ ಥರ ಐತೆ ಮಿಸ್, ರಾಗಿ ಚೆಲ್ಲಿದಂಗೆ," ಎನ್ನುತ್ತಿದ್ದಳು. ಫೋನಿನಲ್ಲಿ ಪಾಠದ ರೆಕಾರ್ಡಿಂಗ್ ಹಾಕಿಕೊಟ್ಟರೆ ಕೇಳುತ್ತಿದ್ದಳು. "ಅದು ಇನ್ನೊಬ್ರು ಓದಿದ್ದಲ್ವಾ?" ಎಂದು ಕೇಳಿದಳು ಒಮ್ಮೆ.

ಒಂದು ಶನಿವಾರ ನಾನು ಒತ್ತಿ ತಂದ ನಾಲ್ಕು ಸಾಲನ್ನು ಅವಳು ತಡವರಿಸದೆ ಓದಿದಳು. ಕೆಂಪು ಪೆನ್ನು ಕೈಗೆತ್ತಿಕೊಂಡೆ. ಆಮೇಲೆ ಬೆರಳನ್ನು ನೋಡಿದೆ. ಅದು ಸಾಲಿನ ಕೆಳಗೆ, ಖಾಲಿ ಕಾಗದದ ಮೇಲೆ ಹರಿಯುತ್ತಿತ್ತು. ಹಿಂದಿನ ವಾರ ನಾನೇ ಗಟ್ಟಿಯಾಗಿ ಓದಿ ಹೇಳಿದ್ದ ಸಾಲುಗಳವು. ನನಗೋಸ್ಕರ ಬಾಯಿಪಾಠ ಮಾಡಿದ್ದಳು.

"ಸರಿ ಇದೆ," ಎಂದೆ.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. "ಸುಳ್ಳು ಹೇಳ್ಬ್ಯಾಡಿ ಮಿಸ್. ಸರಿ ಇದ್ರೆ ರೈಟ್ ಹಾಕ್ತಾ ನಿಮ್ ಪೆನ್ನು ಸರಕ್ ಅಂತಿತ್ತು. ಈಗ ಅನ್ನಲಿಲ್ಲ."

ಪೆನ್ನು ನನ್ನ ಕೈಯಲ್ಲೇ ಇತ್ತು. ಮೂಗೆಳೆದುಕೊಂಡೆ.

"ಬುಡಿ ಮಿಸ್, ನೀವ್ಯಾಕೆ ಅಳ್ತೀರ," ಎಂದು ಎದ್ದಳು. ಗೋಡೆ ಹಿಡಿದು ಅಂಗಳಕ್ಕೆ ಹೋಗಿ, ತಾಯಿಯ ಪಕ್ಕ ಕೂತು, ಒಂದು ಹಿಡಿ ನಾರು ಕೈಗೆತ್ತಿಕೊಂಡಳು. ತಾಯಿ ನನ್ನ ಕಡೆ ನೋಡಿದಳು. ನಾನು ಬೇಡ ಎನ್ನದೆ ಪೆನ್ನಿನ ಮುಚ್ಚಳ ಹಾಕಿದೆ.