ಅಷ್ಟೇ ಸವೆದ ಟೈರು

ಟೈರಿನ ಅಂಗಡಿಗೆ ಯಾರೂ ಸಂತೋಷದಿಂದ ಬರುವುದಿಲ್ಲ. ಬರುವವರೆಲ್ಲ ಮುಖ ಗಂಟಿಕ್ಕಿಕೊಂಡೇ ಬರುತ್ತಾರೆ, ರಸ್ತೆಗೆ ಮೊಳೆ ಎಸೆದವನು ನಾನೇ ಏನೋ ಎಂಬಂತೆ ನನ್ನನ್ನು ನೋಡುತ್ತಾರೆ. ಜೀಪಕ್ಕ ಒಬ್ಬಳೇ ಬೇರೆ. ಗಾಡಿಯಿಂದ ಇಳಿಯುತ್ತಲೇ "ಅಬ್ಬಾ, ಸ್ವಲ್ಪ ಹೊತ್ತು ಕೂತ್ಕೋಬಹುದು" ಎನ್ನುತ್ತಿದ್ದಳು. ಪಂಕ್ಚರ್ ಆಯಿತೆಂದು ಖುಷಿಪಡುವ ಇನ್ನೊಬ್ಬ ಡ್ರೈವರನ್ನು ನಾನು ಕಂಡಿಲ್ಲ.

ಕೂರುವುದೆಂದರೆ ಅಂಗಡಿಯೊಳಗೆ ಹಳೇ ಟೈರುಗಳ ಅಟ್ಟಿಯ ಮೇಲೆ. ಗೋಡೆಗೆ ತಲೆ ಆನಿಸಿದಳೆಂದರೆ ನಾನು ಜಾಕ್ ಏರಿಸಿ ಮುಗಿಸುವಷ್ಟರಲ್ಲಿ ನಿದ್ದೆ. ನಾನು ಸುತ್ತಿಗೆಯಿಂದ ರಿಮ್ಮು ಬಡಿಯುವ ಸದ್ದಿಗೆ ಎದುರಿನ ಔಷಧಿ ಅಂಗಡಿಯವನು ಬಾಗಿಲು ಹಾಕಿಕೊಳ್ಳುತ್ತಾನೆ. ಇವಳು ಮಿಸುಕಾಡುತ್ತಿರಲಿಲ್ಲ. ಬಾಯಿ ಸ್ವಲ್ಪ ತೆರೆದಿರುತ್ತಿತ್ತು, ಗಾಡಿಯ ಕೀಲಿ ಮಾತ್ರ ಮುಷ್ಟಿಯಲ್ಲಿ ಭದ್ರ.

ಆ ಜೀಪು ಮೊದಲು ಅವಳ ಗಂಡನದು. ಬೆಟ್ಟದ ಮೇಲೆ ಒಂದು ಶಾಲೆ, ಒಂದು ಸಣ್ಣ ಆಸ್ಪತ್ರೆ, ಕಲ್ಲು ಒಡೆಯುವವರ ಕೆಲವು ಮನೆ ಇವೆ. ಅಲ್ಲಿಗೆ ಬಸ್ಸು ಹೋಗುವುದಿಲ್ಲ. ಬೇರೆ ಗಾಡಿಯವರು ಅರ್ಧಕ್ಕೇ ಕೈ ಮುಗಿದು ವಾಪಸ್ಸಾಗುತ್ತಾರೆ. ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕು, ಎಳೆಯುವ ಮನುಷ್ಯನೂ ಬೇಕು. ಗಂಡನಿಗೆ ಬೆನ್ನುಮೂಳೆ ಜರುಗಿ ಹಾಸಿಗೆ ಹಿಡಿದಾಗ ಇವಳು ಸ್ಟಿಯರಿಂಗ್ ಹಿಡಿದಳು. ಮಗಳು ಆಗ ಇನ್ನೂ ಓದುತ್ತಿದ್ದಳು, ಬೇರೆ ದಾರಿ ಇರಲಿಲ್ಲ. ಮೊದಮೊದಲು ಜನ ನಕ್ಕರು. ಅತ್ತೆ ಮೂತಿ ತಿರುಗಿಸಿದಳು. ಆಮೇಲೆ ನಕ್ಕವರೇ ಮುಂದಿನ ಸೀಟಿಗೆ ಜಗಳವಾಡತೊಡಗಿದರು, ಮತ್ತು ಎಲ್ಲರೂ ಸೇರಿ ಅವಳಿಗೆ ಒಂದು ಬಿರುದು ಕೊಟ್ಟರು: ಗಟ್ಟಿಗಿತ್ತಿ.

ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತದೆ. ಒಬ್ಬರನ್ನು ಗಟ್ಟಿಗರು ಎಂದುಬಿಟ್ಟರೆ ಮುಗಿಯಿತು, ಆಮೇಲೆ ಅವರಿಗೆ ಸುಸ್ತಾಗಿದೆಯೇ ಎಂದು ಕೇಳುವ ಕೆಲಸ ಯಾರಿಗೂ ಉಳಿಯುವುದಿಲ್ಲ. ಜ್ವರದಲ್ಲಿ ಗಾಡಿ ಓಡಿಸಿದರೆ "ಗಟ್ಟಿಗಿತ್ತಿ ಬಿಡಿ". ಕೆಸರಿನಲ್ಲಿ ಹೂತ ಜೀಪನ್ನು ಒಬ್ಬಳೇ ಕಲ್ಲಿಟ್ಟು ಎತ್ತಿದರೆ "ಗಟ್ಟಿಗಿತ್ತಿ ಅಂದ್ರೆ ಹೀಗಿರ್ಬೇಕು". ಹಾಗೆ ಹೇಳಿದವರು ಮಾತ್ರ ಬಾಗಿಲು ತೆಗೆದು ಇಳಿದು ಹೋಗುತ್ತಿದ್ದರು.

ಟೈರು ನೋಡಿದರೆ ಓಡಿಸುವವರ ಸ್ವಭಾವ ಹೇಳಬಲ್ಲೆ. ಕೋಪಿಷ್ಠರದು ಅಂಚು ಸವೆದಿರುತ್ತದೆ, ಸೋಮಾರಿಗಳದು ಒಂದೇ ಪಕ್ಕ. ಜೀಪಕ್ಕನ ನಾಲ್ಕೂ ಟೈರು ಒಂದೇ ಸಮ ಸವೆಯುತ್ತಿದ್ದವು, ಅಷ್ಟು ಜೋಪಾನ. ಅವಳೂ ಹಾಗೇ, ಎಲ್ಲ ಕಡೆಯಿಂದ ಸಮನಾಗಿ ಸವೆದಿದ್ದಳು.

ಹಿಂದಿನ ಸಲ ನಾಲ್ಕು ಟೈರು ಹಾಕಿಸಿದಾಗ ನನಗೊಬ್ಬನಿಗೇ ಒಂದು ಮಾತು ಹೇಳಿದ್ದಳು.

"ಟೈರಣ್ಣ, ಇವು ಮುಗಿಯೋ ತನಕ ಅಷ್ಟೇ. ಆಮೇಲೆ ನಾನೂ ಮುಗಿಸ್ತೀನಿ. ಅಷ್ಟ್ರಲ್ಲಿ ಮಗಳಿಗೆ ಕೆಲಸ ಸಿಗುತ್ತೆ."

"ಮನೇಲಿ ಹೇಳಿದ್ಯಾ?"

"ಏನಂತ ಹೇಳ್ಲಿ? ಸುಸ್ತಾಗಿದೆ ಅಂತ್ಲಾ? ನನ್ನ ಬಾಯಲ್ಲಿ ಅದು ಬರೋದೇ ಇಲ್ಲಣ್ಣ."

ಆಮೇಲೆ ಮಗಳಿಗೆ ಕೆಲಸವೂ ಸಿಕ್ಕಿತು. ಗಂಡ ಎದ್ದು ಕೂತು ಮನೆಯಲ್ಲೇ ಮಿಕ್ಸಿ, ಫ್ಯಾನು ರಿಪೇರಿಗೆ ತೊಡಗಿದ. ದುಡಿಯಲೇಬೇಕು ಎನ್ನುವ ಕಾಲ ಹೋಗಿತ್ತು. ಆದರೂ ಇವಳು ಕತ್ತಲಿರುವಾಗಲೇ ಎದ್ದು ಬೆಟ್ಟ ಹತ್ತುತ್ತಿದ್ದಳು. ಟೈರು ಇನ್ನೂ ಮುಗಿದಿರಲಿಲ್ಲವಲ್ಲ.

ಅತ್ತೆಯ ವಿಷಯ ಬಂದರೆ ಮಾತ್ರ ಅವಳ ದನಿ ಗಡುಸಾಗುತ್ತಿತ್ತು. ದಿನಾ ಸಂಜೆ ಜೀಪು ಮನೆ ಮುಂದೆ ನಿಂತ ಕೂಡಲೇ ಮುದುಕಿ ಬಂದು, ಬಗ್ಗಿ, ಟೈರಿನ ಗೆರೆಯೊಳಗೆ ತೋರುಬೆರಳು ತೂರಿಸಿ ನೋಡುತ್ತಿದ್ದಳಂತೆ. ಆಮೇಲೆ "ಮೆಲ್ಲಗೆ ಓಡ್ಸೇ" ಎಂದು ಹೇಳಿ ಒಳಗೆ ಹೋಗುತ್ತಿದ್ದಳಂತೆ.

"ಮಗನ ಗಾಡೀನ ಎಲ್ಲಿ ಸವೆಸಿಬಿಡ್ತೀನೋ ಅಂತ ಲೆಕ್ಕ ಇಡ್ತಾಳೆ" ಎಂದು ಜೀಪಕ್ಕ ಮೂಗು ಮುರಿಯುತ್ತಿದ್ದಳು.

ಅವತ್ತು ಬೆಳಿಗ್ಗೆ ಬೆಟ್ಟದ ಮೊದಲ ತಿರುವಿನಲ್ಲೇ ಮುಂದಿನ ಟೈರು ಢಂ ಎಂದಿತು. ಚೂಪು ಕಲ್ಲು ಪಕ್ಕೆಯನ್ನೇ ಸೀಳಿತ್ತು. ಅವಳೇ ತೀರಾ ಬೋಳಾದ ಸ್ಟೆಪ್ನಿ ಹಾಕಿಕೊಂಡು, ಇದ್ದ ಇಬ್ಬರು ಪ್ರಯಾಣಿಕರ ಸಮೇತ ಅಂಗಡಿಗೆ ತಿರುಗಿ ಬಂದಳು. ಇಬ್ಬರೆಂದರೆ ಬೆಟ್ಟದ ಶಾಲೆಯ ಮೇಷ್ಟ್ರು ಮತ್ತು ಆಸ್ಪತ್ರೆಯ ನರ್ಸಮ್ಮ. ಅವರು ತಡವಾಯಿತೆಂದು ಫೋನು ಮಾಡಲು ರಸ್ತೆಯಾಚೆಗೆ ಹೋದರು. ನಾನು ಸೀಳು ನೋಡಿದೆ. ಒಳಗೆ ದಾರ ಕಿತ್ತುಕೊಂಡು ಬಂದಿತ್ತು.

"ಇದಕ್ಕೆ ಪ್ಯಾಚ್ ನಿಲ್ಲಲ್ಲ ತಾಯಿ" ಎಂದೆ.

"ಗೊತ್ತು. ಒಂದೇ ಹೊಸದು ಹಾಕಿದ್ರೂ ಆಗಲ್ಲ, ಅದೂ ಗೊತ್ತು."

ಅದು ನಾಲ್ಕು ಚಕ್ರದ ಎಳೆತದ ಗಾಡಿಯ ಪೀಡೆ. ಬೆಟ್ಟ ಹತ್ತುವಾಗ ನಾಲ್ಕೂ ಒಟ್ಟಿಗೆ ಉರುಳಬೇಕು. ಮೂರು ಸವೆದು ತೆಳ್ಳಗಾಗಿ, ಒಂದು ಹೊಸದು ದಪ್ಪಗಿದ್ದರೆ ಅದರ ಸುತ್ತೇ ಬೇರೆ, ಉಳಿದವುಗಳ ಸುತ್ತೇ ಬೇರೆ. ಜಗಳವೆಲ್ಲ ನಡುವಿನ ಗೇರ್ ಪೆಟ್ಟಿಗೆಯಲ್ಲಿ, ಕೊನೆಗೆ ಅದೇ ಮುರಿದು ಬೀಳುತ್ತದೆ. ಹಾಕಿದರೆ ನಾಲ್ಕೂ ಹೊಸದು ಹಾಕಬೇಕು. ಇಲ್ಲವೇ ಅಷ್ಟೇ ಸವೆದ ಇನ್ನೊಂದನ್ನು ಹುಡುಕಬೇಕು.

"ಹಿಂದೆ ರಾಶಿ ಇದೆ, ನೋಡ್ತೀನಿ ಇರು" ಎಂದೆ. ಅವಳು ಆಗಲೇ ಅಟ್ಟಿಯ ಮೇಲೆ ಕೂತು ಕಣ್ಣು ಮುಚ್ಚಿದ್ದಳು.

ಅಂಗಡಿಯ ಹಿಂದೆ ಹಳೇ ಟೈರು ಎತ್ತಿ ಎತ್ತಿ ಹಾಕಿದೆ. ನನಗೂ ವಯಸ್ಸಾಯಿತು, ಸೊಂಟ ಕೇಳುವುದಿಲ್ಲ. ತಳದಲ್ಲಿ ಒಂದು ಸಿಕ್ಕಿತು. ಅದೇ ಅಳತೆ, ಅದೇ ಗೆರೆ, ಹೆಚ್ಚುಕಡಿಮೆ ಅಷ್ಟೇ ಸವೆತ. ಮಳೆಗಾಲದ ತನಕ ನಾಲ್ಕೂ ಜೊತೆಗೆ ಓಡಿ ಜೊತೆಗೇ ಮುಗಿಯುತ್ತವೆ. ಅವಳು ಅಂದುಕೊಂಡಂತೆಯೇ ಆಗುತ್ತದೆ. ಧೂಳು ಒರೆಸಿಕೊಂಡು ಅದನ್ನು ಉರುಳಿಸುತ್ತ ಮುಂದೆ ಬಂದರೆ ಮೇಷ್ಟ್ರು, ನರ್ಸಮ್ಮ ಇಬ್ಬರೂ ಮುಖ ಅರಳಿಸಿಕೊಂಡು ನಿಂತಿದ್ದರು.

"ಟೈರಣ್ಣ, ಆ ಹಳೇದು ಬಿಡಿ" ಎಂದರು ಮೇಷ್ಟ್ರು. "ದಿನಾ ಓಡಾಡೋರಿಗೆಲ್ಲ ಫೋನ್ ಮಾಡಿದ್ವಿ. ಎಲ್ಲಾರೂ ಸೇರಿ ಹಾಕಿಸ್ಕೊಡ್ತಿದ್ದೀವಿ. ನಾಲ್ಕೂ ಹೊಸದು, ನಿಮ್ಮಲ್ಲಿರೋದ್ರಲ್ಲಿ ಗಟ್ಟಿದು!"

"ನಮ್ಮ ಗಟ್ಟಿಗಿತ್ತಿಗೆ ನಾವು ಅಷ್ಟೂ ಮಾಡ್ದಿದ್ರೆ ಹೇಗೆ?" ಎಂದಳು ನರ್ಸಮ್ಮ. ಅವಳ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. "ಇನ್ನು ವರ್ಷಗಟ್ಲೆ ಯೋಚ್ನೆ ಇಲ್ಲ ಅಕ್ಕಾ."

ಪಾಪ, ಒಳ್ಳೆಯ ಜನವೇ. ಕೆಟ್ಟವರಾಗಿದ್ದರೆ ಬೈದು ಕಳಿಸಬಹುದಿತ್ತು. ಜೀಪಕ್ಕ ಎದ್ದು ನಿಂತಿದ್ದಳು. ವರ್ಷಗಟ್ಟಲೆ ಎಂಬ ಮಾತಿಗೆ ಅವಳ ಮುಖ ಬಾಡಿತು. ನಾನು ಕೈಯಲ್ಲಿದ್ದ ಹಳೇ ಟೈರನ್ನು ಅವಳಿಗೆ ಕಾಣುವಂತೆ ತಟ್ಟಿದೆ. ಅವಳು ಅದನ್ನು ನೋಡಿದಳು, ಅವರಿಬ್ಬರನ್ನೂ ನೋಡಿದಳು, ನಕ್ಕಳು. ಅಂಥ ನಗುವನ್ನು ನಾನು ಮತ್ತೆ ನೋಡಲಾರೆ.

"ಆಯ್ತು" ಎಂದಳು. "ಹಾಕಿಬಿಡಣ್ಣ."

ನನಗೆ ಗುಟ್ಟಾಗಿ ಹೇಳಿದ ಮಾತನ್ನು ನಾಲ್ಕು ಜನರ ಮುಂದೆ ಆಡಲಾಗುವುದಿಲ್ಲ. ಜಾಕ್ ಏರಿಸಿದೆ. ಆ ದಿನ ನಟ್ಟುಗಳ ಮೇಲೆ ತೋರಿಸಿದ ಸಿಟ್ಟನ್ನು ನಟ್ಟುಗಳೇ ಹೇಳಬೇಕು. ಮುಂದಿನ ಎರಡು ಚಕ್ರಕ್ಕೆ ಹೊಸ ಟೈರು ಕೂರಿಸಿ, ಗಾಳಿ ತುಂಬಿ, ಬಿಗಿದೆ. ಕಪ್ಪಗೆ ಮಿರಮಿರ ಮಿಂಚುತ್ತಿದ್ದವು. ಮೇಷ್ಟ್ರು ಫೋಟೋ ತೆಗೆದರು.

ಅಷ್ಟರಲ್ಲಿ ಅತ್ತೆ ಬಂದಳು. ಅವರ ಮನೆ ಹಿಂದಿನ ಬೀದಿಯಲ್ಲೇ. ಜೀಪು ಕೆಟ್ಟು ನಿಂತಿದೆ ಎಂದು ಯಾರೋ ಹೇಳಿದ್ದರು. ಸೆರಗು ತಲೆ ಮೇಲೆ ಹಾಕಿಕೊಂಡು ಬಿಸಿಲಲ್ಲಿ ನಡೆದು ಬಂದ ಮುದುಕಿ ಯಾರನ್ನೂ ಮಾತಾಡಿಸದೆ ನೇರವಾಗಿ ಮುಂದಿನ ಚಕ್ರದ ಹತ್ತಿರ ಹೋಗಿ ಬಗ್ಗಿದಳು. ಹೊಸ ಗೆರೆಯೊಳಗೆ ಬೆರಳಿಟ್ಟಳು. ಉಗುರು ಪೂರ್ತಿ ಮುಳುಗಿತು. ಬೆರಳು ತೆಗೆಯದೆಯೇ ತಲೆ ಎತ್ತಿದಳು.

"ಇದನ್ನ ಯಾರು ಹಾಕಿದ್ದು?"

"ನಾವೇ ಅಜ್ಜಿ!" ಎಂದರು ಮೇಷ್ಟ್ರು ಹೆಮ್ಮೆಯಿಂದ. "ನಮ್ಮ ಕಡೆಯಿಂದ."

"ಇದು ಸವೆಯೋ ಹೊತ್ತಿಗೆ ನಾನಿರಲ್ಲ" ಎಂದಳು ಮುದುಕಿ. ಆಮೇಲೆ ಸೊಸೆಯ ಕಡೆ ತಿರುಗಿದಳು. "ನೀನೂ ಇರಲ್ಲ ಕಣೇ, ಹೀಗೇ ಆದ್ರೆ."

ಜೀಪಕ್ಕನಿಗೆ ಅರ್ಥವಾಗಲಿಲ್ಲ. "ಮಗನ ಗಾಡಿಗೆ ಹೊಸ ಟೈರ್ ಬಂತಲ್ಲ ಅತ್ತೆ, ಇನ್ನೇನು?"

"ಗಾಡಿ ಹಾಳಾಗಿ ಹೋಗ್ಲಿ. ನಾನೇನು ಗಾಡಿಗೋಸ್ಕರ ದಿನಾ ಬೆರಳು ಹಾಕ್ತಿದ್ನಾ? ಯಾವತ್ತು ಮುಗಿಯುತ್ತೋ ಅಂತ ನೋಡ್ತಿದ್ದೆ. ಮೆಲ್ಲಗೆ ಓಡ್ಸು ಅಂತಿದ್ದಿದ್ದೂ ನಿನ್ನ ಮೈಗೋಸ್ಕರ. ನಿದ್ದೇಲಿ ಕನವರಿಸ್ತೀಯಲ್ಲ, ಟೈರ್ ಮುಗಿದ್ಮೇಲೆ ಸಾಕು, ಟೈರ್ ಮುಗಿದ್ಮೇಲೆ ಸಾಕು ಅಂತ. ಪಕ್ಕದ ಕೋಣೇಲಿ ಮಲಗೋಳಿಗೆ ಕೇಳ್ಸಲ್ವಾ?"

ಜೀಪಕ್ಕ ಅಟ್ಟಿಯ ಮೇಲೆ ಕುಸಿದು ಕೂತಳು. ಮೇಷ್ಟ್ರು ತಡವರಿಸುತ್ತ, "ಅಜ್ಜಿ, ನಾವು ಒಳ್ಳೇದಕ್ಕೇ... ಅಕ್ಕ ಗಟ್ಟಿಗಿತ್ತಿ, ಅಂತ..." ಎಂದರು.

"ಗಟ್ಟಿಗಿತ್ತಿ ಅಂದ್ಬಿಟ್ಟು ನೀವು ಇಳ್ಕೊಂಡು ಹೋಗ್ತೀರಪ್ಪ. ಊದಿರೋ ಕಾಲಿಗೆ ಬಿಸಿನೀರು ಹಾಕೋಳು ನಾನು." ಬೈಗುಳದಂತೆ ಶುರುವಾದ ಮಾತು ಕೊನೆಗೆ ಮೆತ್ತಗಾಯಿತು. ಮುದುಕಿ ಸೊಸೆಯ ಮುಂದೆ ನಿಂತು ಅವಳ ಗಲ್ಲ ಹಿಡಿದೆತ್ತಿದಳು. "ಅವರದ್ದು ಬಿಡು. ನಿಂಗೇನು ಬೇಕು, ಹೇಳು."

ಆ ಪ್ರಶ್ನೆಯನ್ನು ಜೀಪಕ್ಕನಿಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಮಲಗ್ಬೇಕು ಅತ್ತೆ" ಎಂದಳು. ಅಷ್ಟು ಹೇಳಿದ್ದೇ ಅಳು ಬಂತು.

ನರ್ಸಮ್ಮನೇ ಮೊದಲು ಎಚ್ಚೆತ್ತಳು. "ಟೈರಣ್ಣ, ಹೊಸದು ಬಿಚ್ಚಿಬಿಡಿ" ಎಂದಳು. ಮೇಷ್ಟ್ರು ತಾವಾಗಿಯೇ ಆ ಹಳೇ ಟೈರನ್ನು ಉರುಳಿಸಿಕೊಂಡು ಬಂದು ನನ್ನ ಪಕ್ಕ ಇಟ್ಟರು. ಬಿಳಿ ಅಂಗಿಗೆ ಮಸಿ ಮೆತ್ತಿತು, ಅವರು ಒರೆಸಿಕೊಳ್ಳಲಿಲ್ಲ. ಮಳೆಗಾಲದೊಳಗೆ ಬೇರೆ ಡ್ರೈವರನ್ನು ಹುಡುಕುವುದು ತಮ್ಮ ಜವಾಬ್ದಾರಿ ಎಂದರು.

ನಾನು ಮತ್ತೆ ಜಾಕ್ ಏರಿಸುವಷ್ಟರಲ್ಲಿ ಜೀಪಕ್ಕ ಅಲ್ಲೇ ನಿದ್ದೆ ಹೋಗಿದ್ದಳು, ಈ ಸಲ ಗೋಡೆಗಲ್ಲ, ಅತ್ತೆಯ ಭುಜಕ್ಕೆ ಒರಗಿ. ಮುದುಕಿ ಅವಳ ಕಿವಿಯ ಮೇಲೆ ಅಂಗೈ ಇಟ್ಟುಕೊಂಡು ನನ್ನ ಕಡೆ ಕಣ್ಣು ಕೆಕ್ಕರಿಸಿದಳು.

"ಮೆಲ್ಲಗೆ ಬಡಿಯಯ್ಯ."

ಟೈರಿನ ಕೆಲಸ ಮೆಲ್ಲಗೆ ಆಗುವಂಥದ್ದಲ್ಲ. ಆದರೂ ಅವತ್ತು ಕಂಪ್ರೆಸರ್ ನಿಲ್ಲಿಸಿ, ಕೈಪಂಪಿನಲ್ಲಿ ಗಾಳಿ ಹೊಡೆದೆ, ಟೈರು ಬಿಚ್ಚುವ ಲಿವರಿನ ತುದಿಗೆ ಬಟ್ಟೆ ಸುತ್ತಿ ತಿರುವಿದೆ. ತೋಳು ಬಿದ್ದುಹೋಯಿತು. ಆ ಹಳೇ ನಾಲ್ಕೂ ಕೂತ ಮೇಲೆ ಗಾಡಿ ನೆಲಕ್ಕಿಳಿಸಿದೆ. ಆಗ ಅವಳಿಗೆ ಎಚ್ಚರವಾಯಿತು. ಮುಖ ತೊಳೆದು, ಸೀಟಿಗೆ ಹತ್ತಿ, ಕೀಲಿ ತಿರುಗಿಸಿದಳು. ಮೇಷ್ಟ್ರು, ನರ್ಸಮ್ಮ ಹಿಂದೆ ಕೂತಿದ್ದರು.

ಅತ್ತೆ ಬಗ್ಗಿ, ಹೊಸದಾಗಿ ಬಂದ ಆ ಹಳೇ ಟೈರಿಗೂ ಬೆರಳು ಹಾಕಿ ನೋಡಿದಳು. ಎದ್ದು ಬಂದು ಕಿಟಕಿಯ ಅಂಚು ಹಿಡಿದಳು.

"ಸ್ವಲ್ಪ ಜೋರಾಗೇ ಓಡ್ಸು ಕಣೇ" ಎಂದಳು. "ಬೇಗ ಸವೆದುಬಿಡ್ಲಿ."