ಎರಡಕ್ಷರದ ಹಕ್ಕಿ

ಇವತ್ತು ರಕ್ತಪರೀಕ್ಷೆಗೆ ಹೋದಾಗ ನರ್ಸ್ ತೋಳಿಗೆ ಸ್ಪಿರಿಟ್ ಹಚ್ಚಿದರು. ಆ ವಾಸನೆಗೆ ಚಾಮರಾಜನಗರದ ಆಸ್ಪತ್ರೆ ನೆನಪಾಯಿತು.

ನಮ್ಮದು ಗುಂಡ್ಲುಪೇಟೆ. ಅಪ್ಪನದು ದಿನಸಿ ಅಂಗಡಿ. ಬೆಳಿಗ್ಗೆ ಗಿರಾಕಿ ಬಂದು ನಿಂತಿದ್ದರೂ ಪೇಪರಿನ ಪದಬಂಧ ತುಂಬಿಸದೆ ಅವರು ತಕ್ಕಡಿ ಮುಟ್ಟುತ್ತಿರಲಿಲ್ಲ. ಅಂಥ ಅಪ್ಪನಿಗೆ ಸ್ಟ್ರೋಕ್ ಹೊಡೆದು ಮಾತು ನಿಂತುಹೋಯಿತು. ಬಂದರೂ ಬರಬಹುದು, ಕಾಯಬೇಕು ಎಂದರು ಡಾಕ್ಟರು. ಅವ್ವ ಅವರ ಕಾಲೊತ್ತುತ್ತಾ ಕೂತಿರುತ್ತಿದ್ದಳು.

ಒಂದು ದಿನ ನಾನು ಮಂಚದ ಪಕ್ಕ ಕೂತು ಪದಬಂಧದ ಸುಳಿವು ಓದಿದೆ. "ಅಪ್ಪಾ, ರಾತ್ರಿ ಹಾರುವ ಹಕ್ಕಿ, ಎರಡಕ್ಷರ. ಬಾವಲಿ ಅಂತ ಬರೀಲಾ?"

ಅಪ್ಪ ಹುಬ್ಬು ಗಂಟಿಕ್ಕಿದರು. ತುಟಿ ಒದ್ದಾಡಿತು. "ಗೂ... ಗೂಬೆ" ಎಂದರು.

ಅವ್ವ ದಡಕ್ಕನೆ ಎದ್ದಳು. "ಅಯ್ ಶಿವ್ನೆ, ಮಗೀಗೆ ಬೋದ್ರು! ಇನ್ನೊಂದ್ಸಲ ಬಯ್ರಿ!" ಎಂದು ಅಳುತ್ತಾ ನಕ್ಕಳು.

"ಬೋದಿದ್ದಲ್ಲ ಕಣವ್ವ, ಉತ್ರ ಯೋಳಿದ್ದು" ಎಂದರೂ ಕೇಳದೆ, ಪಕ್ಕದ ಮಂಚದವರಿಗೆಲ್ಲ ಹೇಳಿಕೊಂಡು ಬಂದಳು. ಎಷ್ಟೋ ದಿನಗಳ ಮೇಲೆ ಅವತ್ತು ನಾವಿಬ್ಬರೂ ಹೊಟ್ಟೆ ತುಂಬ ಉಂಡೆವು.

ಈಗ ಪತ್ರಿಕೆಗಳಿಗೆ ಪದಬಂಧ ರಚಿಸುವುದೇ ನನ್ನ ಕೆಲಸ. ಪರೀಕ್ಷೆ ಮುಗಿಸಿ ಹೊರಬರುವಾಗ ಅಪ್ಪನ ಫೋನು ಬಂತು. "ಏನಮ್ಮಿ, ಇವತ್ತಿನ್ ಸುಳಿವು ಒಂದೂ ಸರಿಗಿಲ್ವಲ್ಲ" ಎಂದು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ನಾನೂ ತಡೆಯಲಿಲ್ಲ.