ಅಲ್ ಹಿಲಾಲಿನ ಅಕ್ಕ ತೋರಿಸಿದ ಪೇಟೆ

ಅಕ್ಕನ ಬಲಗೈ ತೋರುಬೆರಳಿಗೆ ಉಗುರೇ ಇರಲಿಲ್ಲ. ಯಾವ ಕಾಲದಲ್ಲೋ ಟ್ಯಾಕ್ಸಿಯ ಬಾಗಿಲಿಗೆ ಸಿಕ್ಕಿ ಹೋಗಿತ್ತಂತೆ. ಆ ಬೋಳು ಬೆರಳು ಚಾಚಿಯೇ ಅವರು ನನಗೆ ದೋಹಾ ತೋರಿಸಿದ್ದು.

ಅವರು ಉಡುಪಿ ಕಡೆಯವರು, ಮನೆಮಾತು ತುಳು. ದೋಹಾದ ಅಲ್ ಹಿಲಾಲ್ ಬಡಾವಣೆಯಲ್ಲಿ ನಮ್ಮ ಮೇಲಿನ ಮನೆ. ನಾನು ಬಾಗಲಕೋಟೆಯವಳು, ಮದುವೆಯಾದ ಹೊಸತರಲ್ಲಿ ಮೂರು ತಿಂಗಳ ವಿಸಿಟ್ ವೀಸಾದ ಮೇಲೆ ಬಂದಿದ್ದೆ. ಒಗ್ಗಿದರೆ ಫ್ಯಾಮಿಲಿ ವೀಸಾ, ಒಗ್ಗದಿದ್ದರೆ ನಾನು ಊರಲ್ಲಿ, ನಮ್ಮವರು ಇಲ್ಲಿ ಎಂದು ಮಾತಾಗಿತ್ತು. ನಮ್ಮವರದು ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟ್ ಕೆಲಸ, ಒಳಗೆ ಫೋನ್ ಒಯ್ಯುವಂತಿಲ್ಲ. ನಾನೋ ಹರಕು ಮುರುಕು ಹಿಂದಿಗೆ ನಾಚಿ, ದಿನವಿಡೀ ಕಿಟಕಿ ಕಾಯುತ್ತಿದ್ದೆ.

ಎರಡನೇ ಶುಕ್ರವಾರ ಧೈರ್ಯ ಮಾಡಿ ಕೊತ್ತಂಬರಿ ತರಲು ಒಬ್ಬಳೇ ಕೆಳಗಿಳಿದೆ. ಹನ್ನೊಂದರ ಹೊತ್ತು. ನೋಡಿದರೆ ಅಂಗಡಿಗಳ ಶಟರ್ ದಡದಡ ಇಳಿಯುತ್ತಿವೆ, ಗಂಡಸರೆಲ್ಲ ಒಂದೇ ದಿಕ್ಕಿಗೆ ಬಿರಬಿರನೆ ನಡೆಯುತ್ತಿದ್ದಾರೆ. ನಮ್ಮೂರಲ್ಲಿ ಹಾಗಾದರೆ ಒಂದೇ ಅರ್ಥ: ಗಲಾಟೆಯಾಗಿದೆ, ಬಂದ್! ಎದ್ದೆನೋ ಬಿದ್ದೆನೋ ಎಂದು ಓಡಿಬಂದು ಚಿಲಕ ಹಾಕಿದೆ. ಎಷ್ಟು ಸಲ ಫೋನ್ ಮಾಡಿದರೂ ನಮ್ಮವರು ಎತ್ತಲಿಲ್ಲ. ಕೊನೆಗೆ ಅಳುತ್ತ ಮೇಲಿನ ಮನೆಯ ಬಾಗಿಲು ಬಡಿದೆ.

“ಅಕ್ಕಾರ, ಊರಾಗ ಏನೋ ಆಗೇತ್ರಿ. ನಾ ಇಲ್ಲಿ ಇರಂಗಿಲ್ರಿ, ನನಗ ಟಿಕೆಟ್ ಮಾಡಸ್ರಿ!”

ಬೇರೆಯವರಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಅಕ್ಕ ಕೈಹಿಡಿದು ಕೂರಿಸಿದರು. “ಎಂತದೂ ಆಗ್ಲಿಲ್ಲ ಮಾರಾಯ್ತಿ, ಶುಕ್ರವಾರದ ನಮಾಜು. ಮುಗಿಸಿ ಬಂದು ಅವರೇ ಬಾಗಿಲು ತೆಗೀತಾರೆ. ಟಿಕೆಟ್ ನಾಳೆ ನೋಡುವ. ಸಂಜೆ ಒಳ್ಳೆ ಸೀರೆ ಉಟ್ಟು ರೆಡಿಯಾಗು.”

ಸಂಜೆ ಇಳಿದರೆ, ಅಯ್ಯೋ, ಅದೇ ಬೀದಿಯಾ ಇದು! ರಜೆಯ ರಾತ್ರಿ. ಕಾಲಿಡಲು ಜಾಗವಿಲ್ಲ. ಅತ್ತರಿನ ಅಂಗಡಿ, ಟೈಲರು, ಬಂಗಾರ, ಜ್ಯೂಸು, ಕಾರಿನಲ್ಲೇ ಕೂತು ಹಾರ್ನ್ ಹೊಡೆದು ಚಹಾ ತರಿಸುವ ಮಂದಿ. ಅಕ್ಕ ಪ್ರತಿ ಅಂಗಡಿಗೂ ನುಗ್ಗಿ ಕ್ಷೇಮ ಕೇಳಿದರು, ಕೊಂಡದ್ದು ಮಾತ್ರ ಒಂದು ಕಟ್ಟು ಕೊತ್ತಂಬರಿ. “ಎಲ್ಲ ಇವತ್ತೇ ತಂದರೆ ನಾಳೆ ಯಾವ ನೆವದಲ್ಲಿ ಬರುವುದು?” ಎಂಬುದು ಅವರ ಶಾಸ್ತ್ರ.

ನಡುಬೀದಿಯಲ್ಲಿ ನಿಂತು ಚಹಾದಂಗಡಿಗೆ ಬೆರಳು ತೋರಿಸಿದರು. “ಎರಡು ಕರಕ್ ಚಾಯ್ ತಾ. ನಾನು ಬರುದಿಲ್ಲ.”

ನನಗೆ ಸಿಟ್ಟೇ ಬಂತು. ಹಲ್ಲು ಕಚ್ಚಿಕೊಂಡು ಹೋಗಿ ಎರಡು ಬೆರಳೆತ್ತಿದೆ. ಅಂಗಡಿಯವನು, “ಸಕ್ಕರೆ ಕಮ್ಮಿಯಾ ಅಕ್ಕ?” ಎಂದು ಕನ್ನಡದಲ್ಲೇ ಕೇಳಿದ. ಪುತ್ತೂರಿನವನು! ಅಕ್ಕನಿಗೆ ಮೊದಲೇ ಗೊತ್ತಿತ್ತು, ಘಾಟಿ ಹೆಂಗಸು. ಅಷ್ಟು ರುಚಿಯ ಚಹಾ ನಾನು ಆಮೇಲೆ ಕುಡಿದಿಲ್ಲ. ಟಿಕೆಟಿನ ಮಾತನ್ನು ಮರುದಿನ ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಮೂರು ತಿಂಗಳು ಹೋಗಿ ಹನ್ನೊಂದು ವರ್ಷವಾಯಿತು.

ಹೋದ ವರ್ಷ ಅಕ್ಕ ಊರಲ್ಲಿ ತೀರಿಕೊಂಡರು. ಮನೆ ಖಾಲಿ ಮಾಡಲು ಬಂದ ಅವರ ಯಜಮಾನರು ನಮ್ಮಲ್ಲಿ ಊಟಕ್ಕೆ ಕೂತಾಗ ಹೇಳಿದರು: “ಅವಳು ಮೊದಲ ಸಲ ಬಂದವಳು ಹೆದರಿ ಇಪ್ಪತ್ತೇ ದಿನಕ್ಕೆ ಊರಿಗೆ ಹೋದಳು. ಎಷ್ಟು ಕರೆದರೂ ಬರ್ಲಿಲ್ಲ. ಮತ್ತೆ ಬರುವಾಗ ಹದಿನೈದು ವರ್ಷ ಕಳೆದಿತ್ತು. ಮಕ್ಕಳಾಗುವ ಪ್ರಾಯ ಹೋಗಿತ್ತು.”

ಇಷ್ಟು ವರ್ಷದಲ್ಲಿ ಅಕ್ಕ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಒಳಕೋಣೆಯಲ್ಲಿ ನನ್ನ ಇಬ್ಬರು ಮಕ್ಕಳು ಇಂಗ್ಲಿಷಿನಲ್ಲಿ ಕಿತ್ತಾಡುತ್ತಿದ್ದರು. ಬಡಿಸುವ ಸೌಟು ಕೆಳಗಿಟ್ಟು, ಆ ಹಿರಿಯರ ಕಾಲಿಗೆ ಬಿದ್ದೆ. ಅಕ್ಕ ಇದ್ದಾಗ ಬೀಳಬೇಕಿತ್ತು.